ಹಾರಿಸಬಹುದಾದ ಸಾಲು

ಮೈಕಿಗೆ ಲವಂಗದ ವಾಸನೆ, ಮೊದಲ ಪಾಠ ಓದಿ ಇಳಿದ ಮೇಷ್ಟ್ರದೇ ಇರಬೇಕು, ಅವರ ಎತ್ತರಕ್ಕೆ ಏರಿಸಿದ್ದನ್ನು ಇಳಿಸಲು ಅವಳಿಗೆ ಬಾರದು, ಹಿಮ್ಮಡಿ ಎತ್ತಿ ನಿಂತಿದ್ದಾಳೆ, ಅರ್ಧಕ್ಕೇ ಶಾಲೆ ಬಿಟ್ಟವಳಿಗೆ ಇಷ್ಟು ಜನರ ಮುಂದೆ ಸುವಾರ್ತೆ ಓದುವ ಉಸಾಬರಿ ಯಾಕೆ ಬೇಕಿತ್ತು, ಮೊದಲ ಸಾಲು ಹೇಗೋ ಹೊರಬಿತ್ತು, ಎರಡನೆಯದೂ — ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ, ಅಣ್ಣ, ಅಂಗಿಯ ಖಾಲಿ ಬಲತೋಳನ್ನು ಮಡಚಿ ಪಿನ್ನು ಚುಚ್ಚಿದ್ದು ಇಲ್ಲಿಗೂ ಕಾಣುತ್ತದೆ. ಕೈ ಹೋದ ಮೇಲೆ ಇವತ್ತೇ ಅವನು ಚರ್ಚಿಗೆ ಬಂದಿರುವುದು. ಪುಟ್ಟಿ ಓದ್ತಾಳೆ ಅಂತ ಬರ್ತೀನಿ, ಅಮ್ಮನ ದೇವರ ಮುಖ ನೋಡೋಕಲ್ಲ, ಅಂದಿದ್ದ. ಆಮೇಲೆ ತಾನೇ ಪಾದ್ರಿಗಳು ಪಾಠ ಯಾವುದೆಂದು ತೋರಿಸಿದ್ದು, ನಿನ್ನ ಕೈ ನಿನ್ನನ್ನು ಪಾಪಕ್ಕೆ ಎಳೆದರೆ ಕಡಿದುಹಾಕು ಎನ್ನುವ ಮಾತು, ಅವರೇ ಹಣೆ ಉಜ್ಜಿಕೊಂಡರು, ಆ ಸಾಲು ಹಾರಿಸಿಬಿಡಮ್ಮಾ, ಯಾರಿಗೂ ಗೊತ್ತಾಗಲ್ಲ. ಅಣ್ಣನಿಗೆ ಗೊತ್ತಾಗುತ್ತದೆ, ಭಾನುವಾರದ ಶಾಲೆಯಲ್ಲಿ ಈ ಅಧ್ಯಾಯ ಉರುಹೊಡೆದು ಪೆನ್ಸಿಲ್ ಡಬ್ಬಿ ಗೆದ್ದವನು ಅವನು, ಹಾರಿಸಿದರೆ ತಂಗಿಯೂ ಅಯ್ಯೋ ಪಾಪ ಅಂದಳು ಎಂದು ಎದ್ದುಹೋಗುತ್ತಾನೆ, ಓದಿದರೂ ಎದ್ದುಹೋಗುತ್ತಾನೆ, ಹೋದರೆ ಈ ಬಾಗಿಲು ದಾಟಿ ಅಷ್ಟೇ ಅಲ್ಲ, ಮನೆ ಬಿಡ್ತೀನಿ ಎಂದು ಬಟ್ಟೆ ಆಗಲೇ ಕಟ್ಟಿಟ್ಟಿದ್ದಾನೆ.

ಗಾಜಿನಂಗಡಿಯಲ್ಲಿ ಅವನು ಗಾಜು ಕೊಯ್ಯುತ್ತಿದ್ದ, ಇವಳು ಒರೆಸುತ್ತಿದ್ದಳು, ಚೂರು ತಾಗಿ ಅಂಗೈ ಸೀಳಿದಾಗ ಇದೇನು ಮಹಾ ಎಂದು ಬಟ್ಟೆ ಸುತ್ತಿಕೊಂಡ, ಕೀವಾಯಿತು, ಕಪ್ಪು ಮಣಿಕಟ್ಟಿನತ್ತ ಏರಿತು, ಮೈಯೆಲ್ಲ ಬೆಂಕಿ, ಆ ಜ್ವರದಲ್ಲಿ ನಡೆದದ್ದು ಒಂದೂ ಅವನಿಗೆ ನೆನಪಿಲ್ಲ, ಎಚ್ಚರಾದಾಗ ಕೈ ಇರಲಿಲ್ಲ, ಕಡಿಯಲು ಹೇಳಿದ್ದು ಅಮ್ಮ ಎಂದಷ್ಟೇ ಗೊತ್ತು. ಅಂದಿನಿಂದ ಕೇಳಿದವರಿಗೆಲ್ಲ ನಗುತ್ತಲೇ ಹೇಳುತ್ತಾನೆ, ನಮ್ಮಮ್ಮ ನನ್ನ ಕೈಬಿಟ್ಲು ಕಣ್ರೀ. ನಗಬೇಕೋ ಬೇಡವೋ ತಿಳಿಯದೆ ಜನ ಕೆಮ್ಮುತ್ತಾರೆ, ಅಮ್ಮ ಒಲೆಯ ಕಡೆ ತಿರುಗುತ್ತಾಳೆ, ಒಮ್ಮೆಯೂ ಎದುರಾಡಿದವಳಲ್ಲ. ಇದು ಪಾಪದ ವಿಷಯಮ್ಮಾ, ನಿಜವಾದ ಕೈ ಅಲ್ಲ ಎಂದು ಪಾದ್ರಿಗಳು ಬಿಡಿಸಿ ಹೇಳಿದರು, ಇರಬಹುದು, ಕೈ ಇದ್ದವರಿಗೆ — ಆದರೆ ಇದನ್ನು ಹೇಳಿದ ಸ್ವಾಮಿಯೂ ಬಡಗಿ, ಉಳಿ ಹಿಡಿದವನು, ಕೈ ಎಂದರೆ ಏನೆಂದು ತಿಳಿಯದೆ ಆಡಿದನೇ, ಕಡಿ, ಬಿಸಾಡು, ಬೆಂಕಿಗೆ ಬೀಳಬೇಡ, ಒಂಟಿಗೈಯಾದರೂ ಸರಿ ಜೀವಕ್ಕೆ ಸೇರು, ಇಷ್ಟು ಒರಟಾಗಿ ಯಾರು ಮಾತಾಡುತ್ತಾರೆ, ಯಾರು — ಆಸ್ಪತ್ರೆಯ ವರಾಂಡ, ಅಮ್ಮ ಡಾಕ್ಟರನ್ನೇ ಗದರುತ್ತಿದ್ದಾಳೆ, ಏನ್ ನೋಡ್ತಾ ನಿಂತಿದ್ದೀರಿ, ತೆಗೀರಿ, ಕೈ ಹೋದ್ರೆ ಹೋಗ್ಲಿ, ನನ್ನ ಮಗ ಬದುಕ್ಲಿ. ಇದೇ ದನಿ. ತೀರ್ಪು ಕೊಡುವವನ ದನಿ ಅಂದುಕೊಂಡಿದ್ದಳು, ಅಲ್ಲ, ಮಗು ಕೈತಪ್ಪಿ ಹೋಗುತ್ತಿರುವಾಗ ಕಿರುಚುವವರ ದನಿ, ಆಮೇಲೆ ಅಮ್ಮ ಒಳಗೆ ಹೋಗಿ ಒದ್ದೆ ಬಟ್ಟೆಯಿಂದ ಆ ಕೈಯನ್ನು, ಇನ್ನು ಸ್ವಲ್ಪ ಹೊತ್ತಿಗೆ ಇಲ್ಲವಾಗುವ ಕೈಯನ್ನು — ಬೇಡ, ಈಗ ಅದು ಬೇಡ, ಕಣ್ಣು ಮಂಜಾದರೆ ಅಕ್ಷರ ಕಾಣುವುದಿಲ್ಲ.

ಓದಿದಳು, ಒಂದು ಪದವನ್ನೂ ಬಿಡದೆ, ಅಮ್ಮ ಗದರಿದ ಹಾಗೆಯೇ ಗದರುತ್ತಾ, ಪಾದ್ರಿಗಳು ತಲೆಯೆತ್ತಿದರು, ಮುಂದಿನ ಬೆಂಚಿನಲ್ಲಿ ಅಮ್ಮ ತುಟಿ ಕಚ್ಚಿ ನೆಲ ನೋಡಿದಳು, ಹಿಂದೆ ಬೆಂಚು ಕಿರುಗುಟ್ಟಿತು, ಅಣ್ಣ ಎದ್ದ, ಬಾಗಿಲು ಪಕ್ಕದಲ್ಲೇ, ಹೋಗಬೇಡ, ನೀನು ನೋಡಿಲ್ಲ, ನಾನು ನೋಡಿದ್ದೇನೆ, ಹೇಳಲು ಇಷ್ಟು ದಿನ ಬಾಯಿ ಬರಲಿಲ್ಲ, ಅಮ್ಮ ಬಿಟ್ಟದ್ದು ಕೈಯನ್ನು, ನಿನ್ನನ್ನಲ್ಲ — ಅಮ್ಮ ನಿನ್ನ ಕೈ ತೊಳೆದ್ಲು ಅಣ್ಣ, ತೆಗೆಯೋ ಮುಂಚೆ, ಅವಳೇ. ಇದು ಪುಟದಲ್ಲಿಲ್ಲ. ತನ್ನ ದನಿ ಗೋಡೆಗಳಿಂದ ತಿರುಗಿ ಬಂದಾಗಲೇ ಅವಳಿಗೆ ತಿಳಿದದ್ದು, ಮೈಕಿನಲ್ಲಿ ಹೇಳಿಬಿಟ್ಟಿದ್ದಾಳೆ. ಅಣ್ಣ ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತ, ಹೋಗಲೂ ಇಲ್ಲ, ಕೂರಲೂ ಇಲ್ಲ, ಅಮ್ಮನ ತಲೆಯ ಹಿಂಭಾಗವನ್ನೇ ನೋಡುತ್ತಿದ್ದಾನೆ, ಮುಂದಿನ ಸಾಲು ಎಲ್ಲಿದೆ, ಬೆರಳಿಟ್ಟ ಜಾಗ ತಪ್ಪಿತು, ಒದ್ದೆ ಬಟ್ಟೆ, ಕಿರುಬೆರಳು, ಉಂಗುರಬೆರಳು, ಅಮ್ಮ ಉಗುರಿನ ಸಂದಿಯ ಕೊಳೆ ತೆಗೆಯುತ್ತಿದ್ದಾಳೆ, ಶಾಲೆಗೆ ಕಳಿಸುವ ಹಾಗೆ, ನಡುಬೆರಳು, ತೋರುಬೆರಳು, ಹೆಬ್ಬೆರಳು, ಮತ್ತೆ ಹೆಬ್ಬೆರಳು.