ಬೀಗಿತ್ತಿಯ ಮೇಲೊಂದು ಪದ

ಮಗಳು ರಮ್ಯ ತನ್ನ ಮದುವೆಗೆ ಸೀರೆ, ಒಡವೆ ಯಾವುದಕ್ಕೂ ಹಟ ಮಾಡಲಿಲ್ಲ. ಕೇಳಿದ್ದು ಒಂದೇ: ಬೀಗರು ಊಟಕ್ಕೆ ಕೂತಾಗ ಅಜ್ಜಿ ಹಾಡಬೇಕು.

ಅಜ್ಜಿ ಎಂದರೆ ನನ್ನ ಅತ್ತೆ ರುದ್ರಮ್ಮ. ಹೆಡತಲೆ ಊರಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಗಂಡಿನ ಕಡೆಯವರನ್ನು ಆಡಿಕೊಳ್ಳುವ ಪದ ಕಟ್ಟುತ್ತಿದ್ದವರು ಅವರೇ. ಒಬ್ಬ ಬೀಗರಿಗೆ ಕಟ್ಟಿದ್ದನ್ನು ಇನ್ನೊಬ್ಬರಿಗೆ ಹಾಡಿದರೆ ಹಳಸಿದ್ದನ್ನು ಬಡಿಸಿದ ಹಾಗೆ. ಪ್ರತಿ ಸಲವೂ ಹೊಸದೇ ಆಗಬೇಕು.

ಅದಕ್ಕೇ ನಾನು ಅವರಿಂದ ಕೆಲಸವನ್ನೆಲ್ಲ ಬಿಡಿಸಿದೆ. ಹಿಂದಿನ ಕೋಣೆಗೆ ಫ್ಯಾನ್ ಹಾಕಿಸಿದೆವು. ಕಾಫಿ, ಊಟ ಎರಡೂ ಮಂಚಕ್ಕೇ ಹೋಗುತ್ತಿದ್ದವು. ಅವರು ದಿನವಿಡೀ ಗೋಡೆ ನೋಡುತ್ತಾ ಕೂತರು. ಮದುವೆ ಹತ್ತಿರ ಬಂತು, ಪದ ಬರಲಿಲ್ಲ.

"ಸುಖ ಜಾಸ್ತಿ ಆಯ್ತು. ಬೀಸೋ ಕಲ್ಲು ಕೊಡು, ತಾನಾಗೇ ಬತ್ತದೆ," ಎಂದರು ನನ್ನ ಯಜಮಾನರು ಶಿವಮಲ್ಲಪ್ಪ.

ಒಳಗಿದ್ದ ಅತ್ತೆಗೆ ಅದು ಕೇಳಿಸಿತು. "ಲೇ ಶಿವಮಲ್ಲ, ನಿಮ್ಮಪ್ಪ ತೀರೋದ ವರ್ಸ ಗದ್ದೇಲಿ ಒಬ್ಳೇ ಬಗ್ಗಿ ನಾಟಿ ಮಾಡ್ದೆ ಕಣ್ಲಾ. ಅದಕ್ಕಿಂತ ಕಷ್ಟ ಬೇಕಾ? ಒಂದು ಸೊಲ್ಲೂ ಉಟ್ಟಲಿಲ್ಲ. ಅಳಾಕೇ ಪುರುಸೊತ್ತಿರ್ಲಿಲ್ಲ, ಪದ ಎಲ್ಲಿಂದ ಬಂದಾದು!"

ಯಜಮಾನರು ಪೇಪರು ಮಡಚಿಟ್ಟು ಹೊರಗೆ ನಡೆದರು.

ನಾನು ಅವರೆಕಾಯಿ ಬುಟ್ಟಿಯನ್ನು ಅತ್ತೆಯ ಕೋಣೆಗೇ ತಂದು ಸುಲಿಯಲು ಕೂತೆ. ಅವರೂ ಒಂದು ಹಿಡಿ ಎಳೆದುಕೊಂಡರು. ಬೇಡ ಎನ್ನಲು ಬಾಯಿ ತೆರೆದವಳು ಬುಟ್ಟಿಯನ್ನು ಅವರತ್ತ ಸರಿಸಿದೆ.

"ಬೀಗಿತ್ತಿ ಎಂಗವ್ಳೆ?" ಎಂದರು.

"ಅವತ್ತು ಹೆಣ್ಣು ನೋಡೋಕೆ ಬಂದಿದ್ರಲ್ಲ ಅತ್ತೆ, ಗುರುಬಸಮ್ಮ."

"ಬಂದಿದ್ರು. ನೀನು ನನ್ನ ಒಳಗೆ ಮಲಗ್ಸಿದ್ದೆ. ನಿಶ್ಚಿತಾರ್ಥಕ್ಕೂ 'ಬಿಸ್ಲು, ನೀವು ಬ್ಯಾಡಿ' ಅಂದೆ. ಮಕ ನೋಡಿಲ್ಲ, ಮಾತು ಕೇಳಿಲ್ಲ. ಏನಂತ ಆಡ್ಕೊಳ್ಳಲವ್ವ?"

ಸಿಪ್ಪೆ ನನ್ನ ಕೈಯಲ್ಲೇ ಉಳಿಯಿತು. ಅವರಿಗೆ ಆಯಾಸವಾಗಬಾರದೆಂದು ನಾನು ಮುಚ್ಚಿದ ಬಾಗಿಲಿನ ಈಚೆಗೇ ಬೀಗರೆಲ್ಲ ಬಂದು, ಉಂಡು, ನಕ್ಕು ಹೋಗಿದ್ದರು.

ಮಾರನೆಯ ದಿನವೇ ನಾವಿಬ್ಬರೂ ಬೀಗರ ಊರಾದ ಹೆಮ್ಮಿಗೆಗೆ ಹೊರಟೆವು. ಕಾರು ಮಾಡೋಣವೆಂದರೆ ಅತ್ತೆ ಒಪ್ಪಲಿಲ್ಲ. ನರಸೀಪುರದಲ್ಲಿ ಬಸ್ಸು ಬದಲಾಯಿಸುವಾಗ ನಾನು ಅವರ ತೋಳು ಹಿಡಿದೇ ಇದ್ದೆ.

ಮುಂಚೆಯೇ ಹೇಳದೆ ಬಂದ ನಮ್ಮನ್ನು ನೋಡಿ ಗುರುಬಸಮ್ಮ ಗಾಬರಿಯಾದರು. ಆದರೂ ಒಬ್ಬಟ್ಟು ತಟ್ಟಿಯೇ ಬಿಟ್ಟರು. ರಮ್ಯಳ ಕೈಹಿಡಿಯಲಿದ್ದ ಮಗ ಮದನ್‌ನನ್ನು ಬಾಳೆಲೆಗೆ ಓಡಿಸಿದರು. ಅತ್ತೆ ಒಲೆಯ ಪಕ್ಕದಲ್ಲೇ ಮಣೆ ಹಾಕಿಸಿಕೊಂಡು ಅವರ ಕೈ, ಮುಖ, ನಡಿಗೆ ಎಲ್ಲವನ್ನೂ ನೋಡುತ್ತಿದ್ದರು. "ತುಪ್ಪ ತತ್ತೀನಿ, ತುಪ್ಪ ತತ್ತೀನಿ" ಎನ್ನುತ್ತಲೇ ಗುರುಬಸಮ್ಮ ಮರೆತರು. ನಾವು ಕೈ ತೊಳೆದ ಮೇಲೆ ಗಿಂಡಿ ಹಿಡಿದು ಓಡಿ ಬಂದವರು ಹಣೆ ಹಣೆ ಚಚ್ಚಿಕೊಂಡರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ತುಟಿ ಅಲುಗುತ್ತಿತ್ತು. ನೀರಿನ ಬಾಟಲಿ ಚಾಚಿದೆ. "ಸುಮ್ಕಿರವ್ವ," ಎಂದು ತಳ್ಳಿದರು. ಸ್ವಲ್ಪ ಹೊತ್ತಿನಲ್ಲಿ, ಸಣ್ಣ ದನಿಯಲ್ಲಿ:

"ನಮ್ಮ ಬೀಗಿತ್ತಿ ಒಬ್ಬಟ್ಟು ಮಾಡವ್ಳೆ
ತುಪ್ಪದ ಗಿಂಡಿ ಬಚ್ಚಿಟ್ಟು, ಎಲೆ ತುಂಬ
ಗಮಲೊಂದ ಬಡ್ಸಿ ಕಳ್ಸವ್ಳೆ"

ಮುಂದಿನ ಸೀಟಿನ ಹೆಂಗಸು ಕಿಸಕ್ಕನೆ ನಕ್ಕು ತಿರುಗಿ ನೋಡಿದಳು. ನಾನು ತಡೆಯಲಾರದೆ ರಮ್ಯಳಿಗೆ ಫೋನು ಮಾಡಿ ಅತ್ತೆಯ ಬಾಯಿಗೆ ಹಿಡಿದೆ. ಅವರು ಮತ್ತೊಮ್ಮೆ ಹಾಡಿದರು.

ಆ ಕಡೆ ನಗು ನಿಲ್ಲಲು ಹೊತ್ತಾಯಿತು. ಆಮೇಲೆ, "ಅಜ್ಜಿ, ನಮ್ಮತ್ತೆ ಬೇಜಾರು ಮಾಡ್ಕೊಂಡ್ರೆ?"

"ಮಾಡ್ಕೊಳ್ಳಲಿ ಬುಡು. ಅವ್ಳಿಗೂ ಬಾಯದೆ. ನನ್ನ ಬೊಚ್ಚುಬಾಯಿ ಮ್ಯಾಲೆ ಒಂದು ಪದ ಕಟ್ಟಿ ತಿರುಗ್ಸಿ ಏಳ್ಲಿ. ಒಳ್ಳೇ ಎಂಗಸು ಕಣ್ ಮಗ, ನಿನ್ನ ಚೆನ್ನಾಗಿ ನೋಡ್ಕೊತಾಳೆ."

ಫೋನು ನನ್ನ ಕೈಗಿಟ್ಟು ಕಿಟಕಿಯ ಕಡೆ ತಿರುಗಿದರು. ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಸೆರಗು ಮರೆ ಮಾಡಲು ನಾನು ಕೈ ಎತ್ತಿದೆ.

"ಮದನನ ಮ್ಯಾಲಿನ ಪದ ಬತ್ತಾ ಅದೆ," ಎಂದರು. "ಅಡ್ಡ ಬರಬ್ಯಾಡ."