ಮೊದಲು ಅಡ್ಡ, ಆಮೇಲೆ ಮೇಲೆ

ಟೈಲ್ಸ್ ಮೇಸ್ತ್ರಿಯ ಹೆಂಡತಿಗೆ ಪಾರ್ಶ್ವವಾಯು ಬಡಿದದ್ದು ಶಾಲೆಯಲ್ಲಿ, ಎಂಟನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದಾಗ. ಕೈಯಿಂದ ಜಾರಿದ ಸೀಮೆಸುಣ್ಣವನ್ನು ಎತ್ತಿಕೊಳ್ಳಲು ಬಗ್ಗಿದವಳು ತಾನಾಗಿ ಏಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಕೊರಡಿನಂತಾಗಿತ್ತು, ಮಾತು ಹೊರಟುಹೋಗಿತ್ತು. ಗಂಡನನ್ನು ಕರೆಯಲಾರಳು, ಮಗಳನ್ನು ಕರೆಯಲಾರಳು, ನೀರು ಅನ್ನುವುದಕ್ಕೂ ನಾಲಿಗೆ ಹೊರಳದು. ಬಾಯಲ್ಲಿ ಉಳಿದದ್ದು ಅಂಕಿಗಳು ಮಾತ್ರ, ಅವೂ ಜೋಡಿಜೋಡಿಯಾಗಿ.

"ಮೂರು, ಮೈನಸ್ ಎರಡು," ಅನ್ನುವಳು ಕಿಟಕಿಯ ಕಡೆ ನೋಡುತ್ತಾ. ಆಮೇಲೆ, "ಮೈನಸ್ ನಾಲ್ಕು, ಐದು."

"ಹಳೇ ಅಭ್ಯಾಸ, ತಾನಾಗೇ ಬಾಯಿಗೆ ಬರ್ತಿದೆ. ಅದರಲ್ಲಿ ಅರ್ಥ ಹುಡುಕ್ಬೇಡಿ," ಎಂದರು ಡಾಕ್ಟರು. ಮಗಳು ಅದನ್ನು ಒಪ್ಪಿಕೊಂಡಳು. ಮೇಸ್ತ್ರಿಗೆ ಒಪ್ಪಲಾಗಲಿಲ್ಲ. ಮೂವತ್ತೊಂದು ವರ್ಷ ಒಂದು ಮಾತನ್ನೂ ದಂಡಕ್ಕೆ ಆಡದವಳು ಇವಳು.

ಅವರಿಬ್ಬರ ಪರಿಚಯವಾದದ್ದೇ ಹಾಗೆ. ಶಾಲೆಯ ಟೀಚರುಗಳ ಕೋಣೆಗೆ ಅವನು ನೆಲ ಹಾಕುತ್ತಿದ್ದಾಗ ಬಾಗಿಲಲ್ಲಿ ನಿಂತು, "ಮೇಸ್ತ್ರಿ, ಆ ಮೂಲೇಲಿ ಅರ್ಧ ಬೆರಳು ಓರೆಯಾಗಿದೆ," ಎಂದಿದ್ದಳು. ಸಿಟ್ಟಿನಿಂದಲೇ ದಾರ ಹಿಡಿದು ನೋಡಿದ. ಸರಿಯಾಗಿ ಅರ್ಧ ಬೆರಳು! ಎರಡು ಸಾಲು ಕಿತ್ತು ಮತ್ತೆ ಕೂರಿಸುವಷ್ಟರಲ್ಲಿ ಅವನ ಮನಸ್ಸು ಅತ್ತ ವಾಲಿತ್ತು. "ಇವಳ ಕಣ್ಣಿಗೆ ಬಿದ್ದ ಮೇಲೆ ನೆಲವೂ ನೆಟ್ಟಗಾಯ್ತು, ನಾನೂ ನೆಟ್ಟಗಾದೆ," ಎಂದು ನೆಂಟರ ಮುಂದೆ ಹೇಳಿ ನಗುತ್ತಿದ್ದ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ಅವನು. ಮದುವೆಯಾದ ಹೊಸದರಲ್ಲಿ ಅವಳು ಊಟವಾದ ಮೇಲೆ ಪೆನ್ಸಿಲ್ ಹಿಡಿದು ಕರೆಯುತ್ತಿದ್ದಳು. "ಬಾ, ಕೂತ್ಕೋ. ಒಂದು ಚಂದದ ವಿಷಯ ಇದೆ, ಹತ್ತೇ ನಿಮಿಷ."

"ನನ್ನ ತಲೆಗೆ ಸಿಮೆಂಟ್ ಹಿಡಿಯುತ್ತೆ, ಲೆಕ್ಕ ಹಿಡಿಯಲ್ಲ. ಬಿಡೇ ಮಾರಾಯ್ತಿ," ಎನ್ನುತ್ತಿದ್ದ. ಕೆಲವು ವರ್ಷ ಕರೆದಳು. ಆಮೇಲೆ ಕರೆಯುವುದನ್ನು ಬಿಟ್ಟಳು. ಅವಳು ಯಾವಾಗ ಬಿಟ್ಟಳೆಂಬುದು ಅವನ ಗಮನಕ್ಕೂ ಬಂದಿರಲಿಲ್ಲ.

ಈಗ ಅವಳ ಬಾಯಿಂದ ಬಂದ ಅಂಕಿಗಳನ್ನೆಲ್ಲ ಅವನು ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದಿಡತೊಡಗಿದ. ಅದೇ ಹೊತ್ತಿಗೆ ಗ್ರಂಥಾಲಯದ ಗೋಡೆಯ ಮೇಲೆ ಒಂದು ಚೀಟಿ ಕಂಡಿತು: ಓದು ಬಿಟ್ಟವರಿಗೆ ಭಾನುವಾರ ಬೆಳಿಗ್ಗೆ ಬೀಜಗಣಿತ, ಮೊದಲಿಂದ. ಐವತ್ತೆಂಟರ ವಯಸ್ಸಿನಲ್ಲಿ, ಮಗಳನ್ನು ಅಮ್ಮನ ಪಕ್ಕ ಕೂರಿಸಿ, ಹೊಸ ನೋಟ್‌ಬುಕ್ ಹಿಡಿದು ಹೋದ. ಅಲ್ಲಿ ಒಬ್ಬ ಬೇಕರಿಯವನು, ಬಸ್ ಕಂಡಕ್ಟರ್ ಹೆಂಗಸೊಬ್ಬಳು, ಹೊಲಿಗೆ ಕಾರ್ಖಾನೆಯ ಇಬ್ಬರು. ಪಾಠ ಹೇಳುವ ಮೇಡಂ ಅವನ ಮಗಳಿಗಿಂತ ಚಿಕ್ಕವಳು.

ಐದನೆಯ ಭಾನುವಾರ ಮೇಡಂ ಬೋರ್ಡಿನ ಮೇಲೆ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ಎಳೆದರು. "ಇವೆರಡೂ ಸೇರೋ ಜಾಗ ಸೊನ್ನೆ. ಬಲಕ್ಕೆ ಹೋದ್ರೆ ಪ್ಲಸ್, ಎಡಕ್ಕೆ ಮೈನಸ್. ಮೇಲಕ್ಕೆ ಪ್ಲಸ್, ಕೆಳಕ್ಕೆ ಮೈನಸ್. ಎರಡು ಅಂಕಿ ಹೇಳಿದ್ರೆ ಈ ಹಾಳೇಲಿ ಒಂದೇ ಒಂದು ಜಾಗ ಸಿಗುತ್ತೆ. ನೋಡಿ, ಮೂರು, ಮೈನಸ್ ಎರಡು. ಮೊದಲು ಅಡ್ಡ ಮೂರು ಹೆಜ್ಜೆ, ಆಮೇಲೆ ಕೆಳಗೆ ಎರಡು."

"ಬಸ್ಸಲ್ಲಿ ಸೀಟ್ ತೋರಿಸಿದ ಹಾಗೇ," ಎಂದಳು ಕಂಡಕ್ಟರ್. ಎಲ್ಲರೂ ನಕ್ಕರು.

ಮೇಸ್ತ್ರಿ ನಗಲಿಲ್ಲ. "ಮೇಡಂ, ನೆಲ ಹಾಕೋಕೆ ಮುಂಚೆ ಕೋಣೆ ನಡುವೆ ಎರಡು ದಾರ ಕಟ್ತೀವಿ. ಅಲ್ಲಿಂದಲೇ ಆ ಕಡೆ ಈ ಕಡೆ ಎಣಿಸ್ಕೊಂಡು ಹೋಗ್ತೀವಿ. ಇದು ಅದೇನಾ?"

"ಅದೇ. ನಿಮಗೆ ಇದು ಮೊದಲೇ ಗೊತ್ತು ಬಿಡಿ."

ಹೆಂಡತಿ ಪೆನ್ಸಿಲ್ ಹಿಡಿದು ಕರೆದದ್ದು ಇದಕ್ಕೇ ಇರಬೇಕು ಅನ್ನಿಸಿತು. ದಿನಾ ತಾನು ಮಂಡಿಯೂರಿ ಮಾಡುವ ಕೆಲಸವೇ ಅವಳ ಪುಸ್ತಕದಲ್ಲೂ ಇದೆ ಎಂದು ಹೇಳಲು ಕರೆದಿದ್ದಳು. ಹತ್ತು ನಿಮಿಷ ಕೊಡಲಾಗಿರಲಿಲ್ಲ ಅವನಿಗೆ. ತಲೆ ತಗ್ಗಿಸಿ, ಮೂಗೊರೆಸಿಕೊಂಡ.

ದಾರಿಯಲ್ಲೇ ಗ್ರಾಫ್ ಹಾಳೆ ಕೊಂಡು, ಮನೆಗೆ ಬಂದವನೇ ಕ್ಯಾಲೆಂಡರ್ ತಿರುಗಿಸಿ ಕೂತ. ನಲವತ್ತಾರು ಜೋಡಿ ಅಂಕಿಗಳು, ನಲವತ್ತಾರು ಚುಕ್ಕಿಗಳು. ಏನಾದರೂ ಮೂಡೀತು, ಒಂದು ಅಕ್ಷರವೋ ಒಂದು ಹೂವೋ, ಎಂದು ಉಸಿರು ಬಿಗಿಹಿಡಿದು ಗುರುತು ಹಾಕಿದ. ಏನೂ ಮೂಡಲಿಲ್ಲ. ಒಡೆದ ಟೈಲಿನ ಚೂರುಗಳ ಹಾಗೆ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

"ಅಪ್ಪಾ, ಡಾಕ್ಟರ್ ಹೇಳಿದ್ರಲ್ಲ," ಎಂದು ಮಗಳು ಅವನ ಹೆಗಲ ಮೇಲೆ ಕೈಯಿಟ್ಟಳು.

ಆದರೂ ಹಾಳೆಯನ್ನು ಹೆಂಡತಿಯ ತೊಡೆಯ ಮೇಲಿಟ್ಟ. "ನೋಡೇ, ಕಲ್ತ್ಕೊಂಡು ಬಂದೆ. ಲೇಟಾಯ್ತು."

ಅವಳು ನೋಡಿದಳು. ಎಷ್ಟೋ ಹೊತ್ತು ನೋಡಿದಳು. ನಿಧಾನವಾಗಿ ಹುಬ್ಬು ಗಂಟಾಯಿತು. ಮನೆಗೆ ತಂದ ಉತ್ತರಪತ್ರಿಕೆಗಳ ಮೇಲೆ ಬಗ್ಗಿದಾಗ ಕಾಣುತ್ತಿದ್ದ ಅದೇ ಗಂಟು. ಎಡಗೈಯಿಂದ ಅವನ ತೋರುಬೆರಳು ಹಿಡಿದು ಸೊನ್ನೆಯ ಮೇಲಿಟ್ಟಳು. ಅಡ್ಡ ಎರಡು ಮನೆ ಎಳೆದಳು, ಮೇಲೆ ಐದು ಮನೆ ಎಳೆದಳು, ಅಲ್ಲಿ ಒತ್ತಿದಳು. "ಎರಡು, ಐದು."

ಅವನ ಚುಕ್ಕಿ ಇನ್ನೆಲ್ಲೋ ಇತ್ತು. ಅವಸರದಲ್ಲಿ ಎಲ್ಲವನ್ನೂ ಮೊದಲು ಮೇಲೆ, ಆಮೇಲೆ ಅಡ್ಡ ಎಣಿಸಿಬಿಟ್ಟಿದ್ದ. ನಲವತ್ತಾರೂ ತಪ್ಪು.

"ಅಯ್ಯೋ, ಹೌದಲ್ಲ!" ಎಂದು ನಕ್ಕ. ನಗುತ್ತಲೇ ಅತ್ತ. ಅವಳು ಬಿಡಲಿಲ್ಲ. ಇನ್ನೊಂದು, ಮತ್ತೊಂದು. ಆರು ಚುಕ್ಕಿ ತಿದ್ದುವಷ್ಟರಲ್ಲಿ ಕೈ ಸೋತು ಅವನ ಅಂಗೈಯೊಳಗೆ ಬಿತ್ತು. ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

ಮರುದಿನ ಉಳಿದ ನಲವತ್ತನ್ನು ತಾನೇ ತಿದ್ದಿ ಅವಳ ಮುಂದೆ ಹಿಡಿದ; ಆಗಲೂ ಯಾವ ಆಕಾರವೂ ಮೂಡಿರಲಿಲ್ಲ. ಅವಳು ಹಾಳೆಯನ್ನು ಗೋಡೆ ನೋಡಿದ ಹಾಗೆ ನೋಡಿದಳು. ಬೇಕೆಂದೇ ಒಂದೆರಡು ತಪ್ಪು ಮಾಡಿ ತೋರಿಸಿದ. ಬೆರಳನ್ನು ಅವಳ ಕೈಗೆ ಕೊಟ್ಟ. ಕೈ ಹಿಡಿಯಲಿಲ್ಲ. ಆ ವಾರ ಅಂಕಿಗಳೂ ನಿಂತವು. ಅವಳ ಪಕ್ಕ ಬಿಟ್ಟು ಅವನು ತರಗತಿಗೂ ಹೋಗಲಿಲ್ಲ. ಮೂರು ವಾರಕ್ಕೆ ಪಾರ್ಶ್ವವಾಯು ಇನ್ನೊಂದು ಸಲ ಬಡಿಯಿತು, ಅವಳು ಹೋದಳು.

ಅದರ ಮುಂದಿನ ಭಾನುವಾರ ಮೇಸ್ತ್ರಿ ತರಗತಿಗೆ ಬಂದ. ಕಂಡಕ್ಟರ್ ಆಗಲೇ ಎಲ್ಲರಿಗೂ ವಿಷಯ ತಿಳಿಸಿದ್ದಳು. ಮೇಡಂ ಅವನ ಬೆಂಚಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಇಷ್ಟು ಬೇಗ ಬರಬೇಕಾಗಿರ್ಲಿಲ್ಲ. ಸ್ವಲ್ಪ ದಿನ ಮನೇಲಿರಬಹುದಿತ್ತು."

"ಮನೇಲಿ ತಿದ್ದೋರು ಯಾರೂ ಇಲ್ಲ ಮೇಡಂ," ಎಂದ ಮೇಸ್ತ್ರಿ.

ಬೇಕರಿಯವನು ತನ್ನ ನೋಟ್‌ಬುಕ್ಕನ್ನು ಅವನ ಮುಂದೆ ಸರಿಸಿ, ತಪ್ಪಿಹೋದ ಮೂರು ವಾರದ ಪಾಠವನ್ನು ತೋರಿಸಿದ.