ತೆಗಿಯಪ್ಪನ ಇಪ್ಪತ್ತಮೂರು ಸಾಲು

ಆತ ನಡೆಯುವಾಗ ಮೈಯೆಲ್ಲ ಮುಂದೆ ಹೋದರೂ ಎಡಗೈ ಮಾತ್ರ ಒಂದು ಹೆಜ್ಜೆ ಹಿಂದೆಯೇ ಉಳಿದಿರುತ್ತಿತ್ತು. ಹೊಸಬರು ನೋಡಿ ಕೈಗೆ ಪೆಟ್ಟಾಗಿದೆ ಎಂದುಕೊಳ್ಳುತ್ತಿದ್ದರು. ಪೆಟ್ಟೂ ಇಲ್ಲ, ಗಿಟ್ಟೂ ಇಲ್ಲ. ಬೋರ್ಡುಗಳನ್ನು ಮುಟ್ಟುವವರು ಮೈಯ ವಿದ್ಯುತ್ತು ಅವಕ್ಕೆ ತಗಲದಿರಲೆಂದು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಂಡು, ಅದರ ಸುರುಳಿ ತಂತಿಯನ್ನು ಮೇಜಿನ ಕೊಕ್ಕೆಗೆ ಸಿಕ್ಕಿಸಿ ಕೂರಬೇಕು. ಇಪ್ಪತ್ತು ವರ್ಷ ಹಾಗೆ ಕೂತು, ಏಳುವಾಗಲೆಲ್ಲ ಪಟ್ಟಿ ಬಿಚ್ಚುವುದನ್ನು ಮರೆತು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಜಗ್ಗಿಸಿಕೊಂಡು ಜಗ್ಗಿಸಿಕೊಂಡು, ತಂತಿ ಇಲ್ಲದಾಗಲೂ ತಂತಿಗೆ ಅಂಜಿ ಹಿಂದೆ ನಿಲ್ಲುವುದನ್ನು ಆ ಕೈ ಕಲಿತುಬಿಟ್ಟಿತ್ತು. ಹಾಕಿದ್ದನ್ನೆಲ್ಲ ತೆಗೆದೇ ತೀರಬೇಕೆಂದು ಹಠ ಹಿಡಿದ ಮನುಷ್ಯ ತನ್ನ ಕೈಗೆ ಹಾಕಿಕೊಂಡದ್ದನ್ನೇ ತೆಗೆಯಲು ಮರೆಯುತ್ತಾನೆಂಬುದು ಆ ಕಾರ್ಖಾನೆಯ ಹಳೆಯ ನಗೆಮಾತಾಗಿತ್ತು.

ಎಲ್ಲರೂ ಆತನನ್ನು ತೆಗಿಯಪ್ಪ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರಲ್ಲ ಅದು, ಆತನ ಬಾಯಿಯೇ ಇಟ್ಟದ್ದು. ಯಾರು ಯಾವ ತೊಂದರೆ ಹೊತ್ತು ಬಂದರೂ, ಅವರ ಮಾತು ಮುಗಿಯುವ ಮೊದಲೇ, "ಮೊದ್ಲು ತೆಗಿಯಪ್ಪಾ, ಆಮೇಲೆ ಹಾಕುವಂತೆ" ಎನ್ನುತ್ತಿದ್ದ. ಗಂಡಸರಿಗೂ ಅದೇ, ಹೆಂಗಸರಿಗೂ ಅದೇ. ಯಜಮಾನರಿಗೂ ಒಂದು ಸಲ ಹಾಗೇ ಹೇಳಿ, ನಾಲಿಗೆ ಕಚ್ಚಿಕೊಂಡು, ಕೊನೆಗೆ "ಸಾರ್" ಎಂದು ಸೇರಿಸಿದ್ದ.

ಆ ಕಾರ್ಖಾನೆಯಲ್ಲಿ ಮಾಡುತ್ತಿದ್ದುದು ಅಂಗೈಯಗಲದ ಬೋರ್ಡುಗಳನ್ನು. ಉಸಿರಿನ ಕಾಯಿಲೆಯವರು ಮನೆಯಲ್ಲಿಟ್ಟುಕೊಳ್ಳುವ ಆಕ್ಸಿಜನ್ ಮಷೀನಿನ ಹೊಟ್ಟೆಯಲ್ಲಿ ಕೂತು, ಎಷ್ಟು ಗಾಳಿ ಬಿಡಬೇಕು, ಯಾವಾಗ ಕೂಗಿಕೊಳ್ಳಬೇಕು ಎಂದು ತೀರ್ಮಾನಿಸುವ ಬೋರ್ಡುಗಳು. ಅಲ್ಲಿ ಹನ್ನೊಂದು ವರ್ಷ ಕಸ ಗುಡಿಸಿ, ಮೇಜು ಒರೆಸಿ, ಚಹಾ ಕೊಟ್ಟವಳು ನಾನು. ತೆಗಿಯಪ್ಪನ ಕೆಲಸ ಬೋರ್ಡು ಮಾಡುವುದಲ್ಲ, ಪ್ರೋಗ್ರಾಂ ಬರೆಯುವುದೂ ಅಲ್ಲ. ಬೋರ್ಡ್ ಸಪೋರ್ಟ್ ಪ್ಯಾಕೇಜ್ ಎಂಬುದೊಂದಿದೆಯಂತೆ. ಅದನ್ನು ಕಂಪ್ಯೂಟರುಗಳಿಗೆ ಹಾಕುವುದು, ಹೊಸದು ಬಂದಾಗ ಹಳೆಯದನ್ನು ತೆಗೆಯುವುದು. ದಿನವೂ ಇದೇನು ಹಾಕುವುದು, ತೆಗೆಯುವುದು ಎಂದು ಒಮ್ಮೆ ಕೇಳಿದೆ.

"ಹೊಸ ಸೊಸೆ ಮನೆಗೆ ಬಂದ್ಲು ಅಂತಿಟ್ಕೊಳ್ಳಿ ಅಮ್ಮ," ಎಂದ. "ನೀರು ಎಲ್ಲಿದೆ, ದೀಪದ ಸ್ವಿಚ್ ಎಲ್ಲಿದೆ, ಯಾವ ಬಾಗಿಲು ಗಟ್ಟಿ ತಳ್ಳಬೇಕು, ಯಾರಾದ್ರೂ ಹೇಳಿಕೊಡ್ಬೇಕಲ್ಲ? ಬೋರ್ಡು ಮನೆ. ಪ್ರೋಗ್ರಾಂ ಸೊಸೆ. ಈ ಪ್ಯಾಕೇಜು ಅತ್ತೆ."

"ಅತ್ತೆಯನ್ನ ತೆಗೆಯೋದ್ಯಾಕೆ?"

"ಒಂದೇ ಮನೇಲಿ ಇಬ್ರು ಅತ್ತೆ ಇದ್ರೆ ಸೊಸೆ ಯಾರ ಮಾತು ಕೇಳ್ಬೇಕು?"

ನನಗೆ ಒಬ್ಬ ಅತ್ತೆಯೇ ಸಾಕು ಸಾಕಾಗಿತ್ತು. ವಿಷಯ ಚೆನ್ನಾಗಿ ಅರ್ಥವಾಯಿತು.

ಹಾಕುವುದು ಆತನಿಗೆ ಕೆಲಸವೇ ಅಲ್ಲ. ಅದು ಒಂದು ಲೋಟ ಚಹಾ ಆರುವಷ್ಟು ಹೊತ್ತು. ತೆಗೆಯುವುದೇ ಕೆಲಸ. ತೆಗೆಯಲೆಂದೇ ಪರದೆಯ ಮೇಲೆ ಒಂದು ಗುಂಡಿ ಇರುತ್ತದಂತೆ, ಉಳಿದವರೆಲ್ಲ ಅದನ್ನು ಒತ್ತಿ ಕೈ ತೊಳೆದುಕೊಳ್ಳುತ್ತಿದ್ದರು. "ಗುಂಡಿ ಒತ್ತಿದ್ರೆ ಮರ ಬೀಳುತ್ತೆ, ಬೇರು ಹಾಗೇ ಇರುತ್ತೆ" ಎನ್ನುವುದು ತೆಗಿಯಪ್ಪನ ನಂಬಿಕೆ. ಹಾಗಾಗಿ ಒಂದೊಂದು ಪ್ಯಾಕೇಜನ್ನು ಹಾಕುವಾಗಲೇ ಅದು ಎಲ್ಲೆಲ್ಲಿ ಏನೇನು ಇಟ್ಟಿತು ಎಂಬುದನ್ನು ಹಾಳೆಯ ಮೇಲೆ ಸಾಲು ಸಾಲಾಗಿ ಬರೆದುಕೊಳ್ಳುತ್ತಿದ್ದ: ಇಂಥ ಫೋಲ್ಡರ್, ಅದರೊಳಗಿನ ಇಂಥ ಫೈಲ್, ಬಳಸುವವರ ಹೆಸರಿನ ಜಾಗದಲ್ಲಿ ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ ಇನ್ನೊಂದು. ತೆಗೆಯುವ ದಿನ ಆ ಹಾಳೆಯನ್ನು ಹಿಡಿದು ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಬರುತ್ತಿದ್ದ. ಎಲ್ಲ ಮುಗಿದ ಮೇಲೆ ಕಂಪ್ಯೂಟರನ್ನು ಆರಿಸಿ, ಮತ್ತೆ ಹೊತ್ತಿಸಿ, ಅದು ಎಚ್ಚರಗೊಳ್ಳುವವರೆಗೂ ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವವನ ಹಾಗೆ ನೆಟ್ಟಗೆ ಕೂರುತ್ತಿದ್ದ.

ಹಾಳೆಯ ಮೇಲೆ ಗೀಟು ಎಳೆಯಲು ಇನ್ನೊಬ್ಬರು ಬೇಕಿತ್ತು. ಮೊದಮೊದಲು ಎಂಜಿನಿಯರುಗಳನ್ನು ಕೂರಿಸಿಕೊಳ್ಳುತ್ತಿದ್ದ, ಒಬ್ಬರೂ ಹಿಡಿಸಲಿಲ್ಲ. ಕಡೆಗೆ ನನ್ನನ್ನು ಕರೆದ. ನನಗೆ ಅಂಕಿ ಬರುತ್ತದೆ, ಅಕ್ಷರ ಒಂದೊಂದಾಗಿ ಕೂಡಿಸಿಕೊಂಡರೆ ಬರುತ್ತದೆ. ಒಂದು ಸಾಲಿಗೆ ಬೆರಳಿಟ್ಟು ಓದಿ ಮುಗಿಸುವ ಹೊತ್ತಿಗೆ ಆತ ಎರಡು ಸಲ ಕೆಮ್ಮಿರುತ್ತಿದ್ದ. ನಾನೇ ಯಾಕೆ ಎಂದರೆ, "ಓದು ಬಲ್ಲೋರು ನನಗಿಂತ ಮುಂದೆ ಓಡ್ತಾರೆ ಅಮ್ಮ. ನಾನು ತೆಗೆಯೋ ಮುಂಚೆನೇ ಗೀಟು ಹಾಕಿರ್ತಾರೆ. ನೀವು ಓಡಲ್ಲ" ಎಂದ. ನನ್ನ ಓದನ್ನು ಹೊಗಳಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಆತನಿಗೆ ಸರಿಯಾದ ಎದುರಾಳಿ ಎಂದರೆ ಕಿಟಕಿ ಪಕ್ಕದ ಮೇಜಿನ ಹುಡುಗಿ. ಅವಳನ್ನು ಗುಡ್ಡೆ ಎನ್ನುತ್ತಿದ್ದರು. ಮೇಜಿನ ಮೇಲೂ ಗುಡ್ಡೆ, ಕುರ್ಚಿಯ ಬೆನ್ನಿಗೆ ಮೂರು ಸ್ವೆಟರಿನ ಗುಡ್ಡೆ, ಕಂಪ್ಯೂಟರಿನೊಳಗೂ ಗುಡ್ಡೆ. ಹೊಸ ಪ್ಯಾಕೇಜು ಬಂದಾಗಲೆಲ್ಲ ಹಳೆಯದರ ಮೇಲೆಯೇ ಹಾಕಿಕೊಳ್ಳುತ್ತಿದ್ದಳು. ತಿಂಗಳಿಗೊಮ್ಮೆ ತೆಗಿಯಪ್ಪ ಹಾಳೆ ಹಿಡಿದು ಅವಳ ಮೇಜಿನ ಹತ್ತಿರ ಹೋಗಿ ನಿಲ್ಲುತ್ತಿದ್ದ.

"ಇವತ್ತಾದ್ರೂ ತೆಗಿಯಪ್ಪಾ."

"ಮುಟ್ಟಿದ್ರೆ ನೋಡಿ ಗುರುಗಳೇ. ನಡೀತಿದೆ, ನಡೀಲಿ."

"ಕುಂಟ್ತಾ ನಡೀತಿದೆ."

"ನಿಮ್ಮ ಕೈ ನೋಡ್ಕೊಳ್ಳಿ ಮೊದ್ಲು," ಎನ್ನುತ್ತಿದ್ದಳು. ಆಗ ಆತನ ಎಡಗೈ ಇನ್ನೂ ದಾರಿಯಲ್ಲೇ ಇರುತ್ತಿತ್ತು.

ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರಿತ್ತು. ಮುಂಚೆ ಕಾರ್ಖಾನೆ ಹೊರಗಿನ ಒಂದು ಕಂಪನಿಯಿಂದ ತರಿಸಿದ ಹಸಿರು ಬಣ್ಣದ ಬೋರ್ಡುಗಳನ್ನು ಬಳಸುತ್ತಿತ್ತು. ಅವುಗಳ ಪ್ಯಾಕೇಜು ಆ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿದೆ ಎಂದುಕೊಂಡಿದ್ದೆವು. ಎರಡು ವರ್ಷದಿಂದ ಒಂದು ಹಸಿರು ಬೋರ್ಡೂ ರಿಪೇರಿಗೆ ಬಂದಿರಲಿಲ್ಲ. ಒಂದು ಬೆಳಿಗ್ಗೆ ತೆಗಿಯಪ್ಪ ಅದನ್ನೂ ತೆಗೆಯೋಣವೆಂದ. ಬೇಕಾದರೆ ಮತ್ತೆ ಹಾಕಲು ಅದರ ಪ್ರತಿ ಪೆನ್ ಡ್ರೈವಿನಲ್ಲಿತ್ತು, ಪೆನ್ ಡ್ರೈವು ಡ್ರಾಯರಿನಲ್ಲಿತ್ತು, ಡ್ರಾಯರಿಗೆ ಬೀಗವಿತ್ತು. ಇಪ್ಪತ್ತಮೂರು ಸಾಲು. ಕೊನೆಯಿಂದ ಮೊದಲಿಗೆ ಬಂದೆವು. ಇಪ್ಪತ್ತಮೂರು ಗೀಟನ್ನೂ ಎಳೆದವಳು ನಾನೇ.

ಅದಾಗಿ ಐದು ವಾರಕ್ಕೆ ಒಬ್ಬ ಬಸ್ ಕಂಡಕ್ಟರ್ ಖಾಕಿ ಬಟ್ಟೆಯಲ್ಲೇ, ಆಕ್ಸಿಜನ್ ಮಷೀನನ್ನು ಮಗುವಿನ ಹಾಗೆ ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಬಂದ. ಬೋರ್ಡು ಸುಟ್ಟಿತ್ತು. ಹೊದಿಕೆ ಬಿಚ್ಚಿದೊಡನೆ ವಾಸನೆಯೇ ಹೇಳಿತು. ಹಸಿರು ಬೋರ್ಡು.

"ಅಮ್ಮ ಮನೇಲಿ ಆಕ್ಸಿಜನ್ ಸಿಲಿಂಡರ್ ಮೇಲಿದ್ದಾಳೆ ಸಾರ್. ನಾಳೆ ಮಧ್ಯಾಹ್ನದ ತನಕ ಬರುತ್ತೆ ಅಂತ ಕೊಟ್ಟೋನು ಹೇಳಿದ. ಆಮೇಲೆ ಇನ್ನೊಂದು ಸಿಗೋದು ಅನುಮಾನ."

ಹೊಸ ಮಷೀನು ಕೊಡೋಣವೆಂದರೆ ಹತ್ತು ದಿನ ಆಗುತ್ತಿತ್ತು. ಕಪಾಟಿನಲ್ಲಿ ಮೂರು ಹಸಿರು ಬೋರ್ಡುಗಳಿದ್ದವು, ಮೂರೂ ಖಾಲಿ. ಒಂದೊಂದು ಮಷೀನಿಗೂ ಅದರದರ ಅಳತೆ ಸೇರಿಸಿ ಪ್ರೋಗ್ರಾಂ ಹೊಸದಾಗಿ ಕಟ್ಟಿ ತುಂಬಬೇಕು, ಕಟ್ಟಲು ಹಳೆಯ ಪ್ಯಾಕೇಜು ಬೇಕು. ತೆಗಿಯಪ್ಪ ಗಾಬರಿಯಾಗಲಿಲ್ಲ. ಡ್ರಾಯರ್ ತೆಗೆದು, ಪೆನ್ ಡ್ರೈವನ್ನು ಮೂಲೆಯ ಕಂಪ್ಯೂಟರಿಗೆ ಚುಚ್ಚಿ, ಮಂಡಿಯ ಮೇಲೆ ಕೈಯಿಟ್ಟು ಕೂತ. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಕಾಲು ಭಾಗ ತುಂಬಿ ನಿಂತುಬಿಟ್ಟಿತು. ಮತ್ತೊಮ್ಮೆ ಮಾಡಿದ. ಮಗದೊಮ್ಮೆ ಮಾಡಿದ. ಪ್ರತಿ ಸಲವೂ ಅಲ್ಲಿಗೇ ನಿಂತಿತು.

ಗುಡ್ಡೆ ಬಂದು ಭುಜದ ಮೇಲಿಂದ ಬಗ್ಗಿ ಓದಿದಳು. "ಗುರುಗಳೇ, ಇದು ಮಿಕ್ಕಿದ್ದನ್ನ ಬೋರ್ಡ್ ಕಂಪನಿಯಿಂದ ಇಂಟರ್ನೆಟ್ಟಲ್ಲಿ ತರಿಸಿಕೊಳ್ಳೋಕೆ ನೋಡ್ತಿದೆ. ಆ ಕಂಪನಿ ಮುಚ್ಚಿ ಒಂದು ವರ್ಷ ಆಯ್ತಲ್ಲ."

ಆತ ಪೆನ್ ಡ್ರೈವನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದ. "ಇಷ್ಟು ವರ್ಷ ಕಾಪಾಡಿದ್ದು ಸಾಮಾನಲ್ಲ ಅಮ್ಮ," ಎಂದು ನನಗೆ ಹೇಳಿದ. "ಸಾಮಾನು ತರೋಕೆ ಬರೆದ ಚೀಟಿ."

ಎದ್ದ. ಮಣಿಕಟ್ಟಿನ ಪಟ್ಟಿ ಬಿಚ್ಚಿರಲಿಲ್ಲ, ತಂತಿ ಜಗ್ಗಿತು, ಮತ್ತೆ ಕುರ್ಚಿಗೆ ಬಿದ್ದ. ಆ ದಿನ ಯಾರೂ ನಗಲಿಲ್ಲ. ಹೊರಗಿನ ಬೆಂಚಿನಲ್ಲಿ ಕಂಡಕ್ಟರು ಟಿಕೆಟ್ ತೂತು ಮಾಡುವ ಇಕ್ಕಳವನ್ನು ಸುಮ್ಮನೆ ಅದುಮುತ್ತ ಕೂತಿದ್ದ. ಆ ಟಿಕ್ ಟಿಕ್ ಒಳಗೆಲ್ಲ ಕೇಳುತ್ತಿತ್ತು.

ಬೇರೆಯವರಾಗಿದ್ದರೆ ಮೂಲೆಯ ಕಂಪ್ಯೂಟರಿನಲ್ಲಿ ಚೂರುಪಾರಾದರೂ ಉಳಿದಿರುತ್ತಿತ್ತು. ತೆಗೆದವನು ತೆಗಿಯಪ್ಪ, ಬೇರಿನ ನಾರೂ ಉಳಿದಿರಲಿಲ್ಲ. ಆತ ಈ ಸಲ ಪಟ್ಟಿ ಬಿಚ್ಚಿ, ಗುಡ್ಡೆಯ ಮೇಜಿಗೆ ಹೋಗಿ ನಿಂತ. ಕೈಯಲ್ಲಿ ಹಾಳೆ ಇರಲಿಲ್ಲ.

"ನಿನ್ನದ್ರಲ್ಲಿ ಹಸಿರಿಂದು ಇದೆಯಾ?"

"ಇರ್ಬೇಕು. ನಾನು ಯಾವತ್ತು ಏನು ತೆಗ್ದಿದ್ದೀನಿ?"

"ತೆಗೀದೇ ಇದ್ದದ್ದು ಒಳ್ಳೇದಾಯ್ತು," ಎಂದ. ಗುಡ್ಡೆ ತಲೆಯೆತ್ತಿ ಆತನ ಮುಖ ನೋಡಿದಳು. ಕುಚೋದ್ಯದ ಮಾತು ಅವಳ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಆಡಲಿಲ್ಲ, ಕುರ್ಚಿ ಬಿಟ್ಟುಕೊಟ್ಟಳು.

ಇತ್ತು. ನಾಲ್ಕು ಹೊಸ ಪ್ಯಾಕೇಜುಗಳ ಅಡಿಯಲ್ಲಿ, ಪೆಟ್ಟಿಗೆಯ ತಳದ ಸೀರೆಯ ಹಾಗೆ. ಅಲ್ಲೇ ಪ್ರೋಗ್ರಾಂ ಕಟ್ಟಿ ನೋಡಿದರೆ ಮೇಲಿನ ಅತ್ತೆಯರೇ ಮಾತಾಡಿದರು, ಬೋರ್ಡು ಬಾಯಿ ಬಿಡಲಿಲ್ಲ. ಗುಡ್ಡೆ ಹಸಿರಿನ ಫೋಲ್ಡರನ್ನು ಎತ್ತಿ ಮೂಲೆಯ ಕಂಪ್ಯೂಟರಿಗೆ ಹಾಕಿದಳು. ಆಗಲೂ ಇಲ್ಲ.

"ಇದು ಬರೀ ಕಾಂಡ," ಎಂದ ತೆಗಿಯಪ್ಪ. "ಅಮ್ಮ, ನಮ್ಮ ಹಾಳೆ ಎಲ್ಲಿ?"

ಹಾಳೆಗಳನ್ನು ದಾರದಲ್ಲಿ ಪೋಣಿಸಿ ಕಪಾಟಿನ ಮೊಳೆಗೆ ನೇತುಹಾಕುವುದು ನನ್ನ ಕೆಲಸ. ಐದು ವಾರದ ಹಿಂದಿನದನ್ನು ಬಿಡಿಸಿ ತಂದೆ. ತೆಗೆದ ಇಪ್ಪತ್ತಮೂರು ಸಾಲು, ಎಲ್ಲಕ್ಕೂ ನನ್ನ ಸೊಟ್ಟ ಗೀಟು. ಆತ ಈ ಸಲ ಮೊದಲ ಸಾಲಿನಿಂದ ಶುರು ಮಾಡಿದ. ಒಂದೊಂದು ಸಾಲಿಗೂ ಗುಡ್ಡೆಯ ಕಂಪ್ಯೂಟರಿನಲ್ಲಿ ಹುಡುಕುವುದು, ಅಲ್ಲಿಂದ ತಂದು ಮೂಲೆಯದರಲ್ಲಿ ಅದೇ ಜಾಗಕ್ಕೆ ಇಡುವುದು, "ಆಯ್ತು" ಎನ್ನುವುದು, ನಾನು ಬೆರಳಿಟ್ಟು ಓದಿ ಹಳೆಯ ಗೀಟಿನ ಮೇಲೆ ಅಡ್ಡಗೀಟು ಎಳೆಯುವುದು, ಆಮೇಲೆ ಮುಂದಿನದು. ಆ ಅವಸರದಲ್ಲೂ ನನ್ನ ಬೆರಳು ಸಾಲಿನ ಕೊನೆ ಮುಟ್ಟುವವರೆಗೆ ಆತ ಕಾದ. ಗುಡ್ಡೆಯೇ ತಡೆಯಲಾರದೆ, "ಅಜ್ಜಿ, ನಾನು ಓದ್ಲಾ?" ಎಂದಳು.

"ಬೇಡ," ಎಂದ. "ನೀನು ಓಡ್ತೀಯ."

ಹದಿನೇಳನೆಯ ಸಾಲಿನದು ಸಿಗಲಿಲ್ಲ. ಬಳಸುವವರ ಹೆಸರಿನ ಜಾಗದಲ್ಲಿ ಅಡಗಿರಬೇಕಾದ ಫೈಲು ಅದು. ಆತ ಕಣ್ಣು ಮುಚ್ಚಿ ಕೂತ. ವರ್ಷಗಟ್ಟಲೆ ಬೇರು ಹುಡುಕಿ ಕಿತ್ತವನಿಗೆ ಬೇರು ಎಲ್ಲೆಲ್ಲಿ ಓಡುತ್ತದೆ ಎನ್ನುವುದು ಕಣ್ಣು ಮುಚ್ಚಿದರೇ ಚೆನ್ನಾಗಿ ಕಾಣುತ್ತಿತ್ತೇನೋ. "ನಿನಗಿಂತ ಮುಂಚೆ ಈ ಮೇಜಲ್ಲಿ ಒಬ್ಬರಿದ್ರಲ್ಲ, ಅವರ ಹೆಸರಲ್ಲಿ ನೋಡು," ಎಂದ. ಅಲ್ಲಿತ್ತು. ಬಿಟ್ಟು ಹೋದವರ ಹೆಸರನ್ನೂ ಗುಡ್ಡೆ ಅಳಿಸಿರಲಿಲ್ಲ.

ಇಪ್ಪತ್ತಮೂರನೆಯ ಗೀಟು ಎಳೆದಾಗ ನಾಲ್ಕೂವರೆ. ಆರಿಸಿದ, ಹೊತ್ತಿಸಿದ, ಮಂಡಿಯ ಮೇಲೆ ಕೈಯಿಟ್ಟು ಕೂತ. ಪ್ರೋಗ್ರಾಂ ಕಟ್ಟಿ ಬೋರ್ಡಿಗೆ ತುಂಬಿದಾಗ ಅದರ ಸಾಸಿವೆಯಷ್ಟು ದೀಪ ಮೂರು ಸಲ ಮಿಟುಕಿ ನಿಂತು ಉರಿಯಿತು. ಆಮೇಲೂ ಒಂದು ಗಂಟೆ ಮಷೀನು ಓಡಿಸಿ, ಗಾಳಿಯನ್ನು ಮೀಟರಿನಲ್ಲಿ ಅಳೆದು ಅಳೆದು ನೋಡಿದ ಮೇಲೇ ಕಂಡಕ್ಟರನ್ನು ಒಳಗೆ ಕರೆದದ್ದು.

"ಏನಾಗಿತ್ತು ಸಾರ್, ಇಷ್ಟು ಹೊತ್ತು?"

"ಬೋರ್ಡು ಸುಟ್ಟಿತ್ತು. ಅದು ಒಂದು ಗಂಟೆ ಕೆಲಸ. ಮಿಕ್ಕಿದ್ದು ನನ್ನ ತಪ್ಪು. ಬೇಕಾಗಿದ್ದನ್ನ ನಾನೇ ತೆಗೆದುಬಿಟ್ಟಿದ್ದೆ."

"ಏನನ್ನ ಸಾರ್?"

"ಅತ್ತೆಯನ್ನ," ಎಂದಳು ಗುಡ್ಡೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ನಕ್ಕ. ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರು ಅದು. ಮಷೀನನ್ನು ಹೊದಿಕೆಯಲ್ಲಿ ಸುತ್ತಿ ಎದೆಗವಚಿಕೊಂಡು ಮೆಟ್ಟಿಲಿಳಿದ. ತಾಯಿ ಹೇಗಿದ್ದಾಳೆಂದು ಮರುದಿನ ಗುಡ್ಡೆ ಫೋನ್ ಮಾಡಿ ಕೇಳಿದಳು. ಮಲಗಿದ್ದಾಳೆ, ಗಾಳಿ ಬರುತ್ತಿದೆ, ಮಷೀನು ಮುಂಚಿಗಿಂತ ಕಡಿಮೆ ಸದ್ದು ಮಾಡುತ್ತಿದೆ ಎಂದು ಬೈಯುತ್ತಿದ್ದಾಳೆ ಎಂದನಂತೆ.

ತೆಗಿಯಪ್ಪ ಬದಲಾದ ಎಂದು ಹೇಳಿದರೆ ಸುಳ್ಳಾಗುತ್ತದೆ. ಮರುವಾರವೇ ಗುಡ್ಡೆಯ ಮೇಜಿನೆದುರು ಹಾಳೆ ಹಿಡಿದು ನಿಂತಿದ್ದ, ಅವಳೂ ಮುಟ್ಟಿದರೆ ನೋಡಿ ಎಂದಳು. ಬದಲಾದದ್ದು ಹಾಳೆ ಮಾತ್ರ. ಪ್ರತಿಯೊಂದು ಹಾಳೆಯ ತಳದಲ್ಲಿ ಹೊಸದಾಗಿ ಒಂದು ಸಾಲು ಸೇರಿತು: "ಇಂಟರ್ನೆಟ್ ವಯರ್ ಕಿತ್ತು, ಮತ್ತೆ ಹಾಕಿ ನೋಡಿದೆ." ತೆಗೆದದ್ದನ್ನು ಹೊರಗಿನ ಯಾರ ನೆರವೂ ಇಲ್ಲದೆ ಒಮ್ಮೆ ವಾಪಸು ಹಾಕಿ, ಬಂತೆಂದು ಕಂಡ ಮೇಲೆ ಎರಡನೆಯ ಸಲ ತೆಗೆಯುವುದು. ಕೆಲಸ ಎರಡರಷ್ಟಾಯಿತು. ಯಜಮಾನರು ಗೊಣಗಿದರು. ನನ್ನ ಮಂಡಿ ನೋವು ಹೆಚ್ಚಾಗಿ ನಾನು ಕೆಲಸ ಬಿಡುವವರೆಗೂ ಆ ಸಾಲಿಗೆ ಗೀಟು ಎಳೆಯುತ್ತಿದ್ದೆ.

ಇಂಥವರು ಎಲ್ಲ ಕೆಲಸಗಳಲ್ಲೂ ಒಬ್ಬೊಬ್ಬರು ಇರುತ್ತಾರೆ. ಹಾಕುವವರ ಕೆಲಸ ಕಣ್ಣಿಗೆ ಕಾಣುತ್ತದೆ. ಇವರ ಕೆಲಸ ಚೆನ್ನಾಗಿ ಆದಷ್ಟೂ ತೋರಿಸಲು ಏನೂ ಉಳಿಯುವುದಿಲ್ಲ, ಗುಡಿಸಿದ ನೆಲದ ಹಾಗೆ. ತೆಗೆಯುವುದು ಯಾರಿಗೂ ಬರುತ್ತದೆ ಎಂದು ಜನ ತಿಳಿಯುತ್ತಾರೆ. ಗಂಡ ತೀರಿಕೊಂಡಾಗ ಅವರ ಬಟ್ಟೆಬರೆಯನ್ನೆಲ್ಲ ಒಂದೇ ದಿನದಲ್ಲಿ ಮನೆಯಿಂದ ಸಾಗಹಾಕಿದವಳು ನಾನು, ಏನೇನು ಹೋಯಿತೆಂದು ಬರೆದಿಡಲಿಲ್ಲ. ಬೇಸರಕ್ಕೆ ತೆಗೆಯುವವರು, ಅವಸರಕ್ಕೆ ತೆಗೆಯುವವರು ಹಾಗೆ ಬರಿಗೈ ಬೀಸಿಕೊಂಡು ಹೊರಟುಬಿಡುತ್ತೇವೆ. ತೆಗೆಯುವುದನ್ನು ನಿಜವಾಗಿ ಬಲ್ಲವರು ಎಲ್ಲಿ ಏನಿತ್ತು ಎಂಬುದನ್ನು ಕಡೆಯವರೆಗೂ ಹೊತ್ತಿರುತ್ತಾರೆ. ಮೈ ಎಷ್ಟು ಮುಂದೆ ಹೋದರೂ ಅವರ ಒಂದು ಕೈ, ತೆಗೆದ ಜಾಗದ ಕಡೆಗೆ, ಒಂದು ಹೆಜ್ಜೆ ಹಿಂದೆಯೇ ಇರುತ್ತದೆ.